ಬ್ರಿಸ್ಕೋನ ಕಣ್ಣು

ಹುಡುಗನೊಬ್ಬ ಬೂಟಿನ ದಾರ ಕಟ್ಟುವುದನ್ನು ಒಂದು ಸಲ ನೋಡಿದರೆ ಸಾಕು, ಇನ್ನೇಳು ವರ್ಷದ ಮೇಲೆ ಯಾವ ಊರಿನಲ್ಲಿ, ಎಂಥ ಮಳೆಯಲ್ಲಿ, ಅವನ ಎಷ್ಟನೆಯ ಎಸೆತ ಎದುರಾಳಿಯ ಕೈಗೆ ಹೋಗಿ ಬೀಳುತ್ತದೆಂದು ವೆಂಡೆಲ್ ಕ್ರುಪ ಹೇಳಬಲ್ಲ.

"ಮಳೇನಾ, ಹಿಮಾನಾ?" ಎಂದ ಎರ್ಲ್ ಪಿಕೆಟ್, ಮೊಟ್ಟೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸುತ್ತ.

"ಮಳೆ. ದಕ್ಷಿಣದ ಗಾಳಿ."

"ಚೆಂಡು ಹಿಡಿಯೋನಿಗೆ ಮದುವೆ ಆಗಿರತ್ತಾ?"

"ಎರಡನೇದು."

ಕಾಫಿ ಸುರಿಯುತ್ತಿದ್ದ ಹುಡುಗಿ ನಕ್ಕಳು. ವೆಂಡೆಲ್ ನಗಲಿಲ್ಲ. ಇಂಥ ಮಾತು ಆಡಿದವನು ತಾನು ನಗಬಾರದು, ನಕ್ಕರೆ ಸುಳ್ಳಾಗಿಬಿಡುತ್ತದೆ. ನಗದೆ ಇದ್ದುದರಿಂದಲೇ ಅವನು ಇಷ್ಟು ದೂರ ಬಂದಿದ್ದ. ಭಯವನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದವನು, ಪಾಠ ಹೇಳುವ ಕೆಲಸ ಬಿಟ್ಟು, ಚೆಂಡನ್ನು ಕೈಯಿಂದ ಎಸೆದಾಡುವ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೆ ಹುಡುಗರನ್ನು ಅಳೆದುಕೊಡುತ್ತಿದ್ದ. ಎರ್ಲ್‌ನಂಥ ಹಳಬರು ಕಾಲು ನೋಡುತ್ತಾರೆ, ತೋಳು ನೋಡುತ್ತಾರೆ. ವೆಂಡೆಲ್ ನೋಡುವುದು ಕಣ್ಣು. ಮೈದಾನದ ಆ ಕೊನೆಯಲ್ಲಿ ನಿಂತವನ ಪಾಪೆ ಕೂದಲೆಳೆಯಷ್ಟು ಹಿಗ್ಗಿದರೂ ಈ ಕೊನೆಯಲ್ಲಿ ಅವನಿಗೆ ಗೊತ್ತಾಗುತ್ತಿತ್ತು. ಓಹಾಯೋದ ಹದ್ದುಗಳೆಲ್ಲ ಅವನನ್ನು ಕಂಡರೆ ನಾಚಿ ಮರದ ಮರೆಗೆ ಸರಿಯುತ್ತಿದ್ದವು.

ಈಚೆಗೆ ಅವನಿಗೆ ಏನೂ ಕಾಣಿಸುತ್ತಿರಲಿಲ್ಲ.

ಕುರುಡಲ್ಲ. ವೈದ್ಯರು ದೀಪ ಬಿಟ್ಟು ನೋಡಿ, ಕಣ್ಣು ಪೊಗದಸ್ತಾಗಿದೆ ಎಂದಿದ್ದರು. ಹುಡುಗ ಎಸೆಯುತ್ತಾನೆ, ತೋಳು ಕಾಣುತ್ತದೆ, ಚೆಂಡು ಕಾಣುತ್ತದೆ, ಅದು ಹೋಗಿ ಇನ್ನೊಬ್ಬನ ಕೈ ಸೇರುವುದು ಕಾಣುತ್ತದೆ. ಅಷ್ಟೆ. ಅದರ ಹಿಂದೆ ಇನ್ನೇನೋ ಇರಬೇಕು. ಅದನ್ನು ಕಾಣುವುದಕ್ಕೇ ಅವನಿಗೆ ಸಂಬಳ. ಅದು ಇರಲಿಲ್ಲ. ಮಾತು ಮಾತ್ರ ಹಳೆಯ ಅಭ್ಯಾಸದಿಂದ ತಾನಾಗಿ ಹೊರಡುತ್ತಿತ್ತು. ಆ ಮಾತನ್ನು ಜನ ನಂಬುತ್ತಿದ್ದರು. ನಂಬಿದ ಮುಖಗಳನ್ನು ಕಂಡಾಗಲೆಲ್ಲ ಅವನು ಬೇರೆ ಕಡೆ ನೋಡುತ್ತಿದ್ದ.

"ತಿನ್ನಿ ಡಾಕ್ಟ್ರೇ," ಎಂದ ಎರ್ಲ್. "ಇವತ್ತು ಮ್ಯಾನೇಜರ್ ಸ್ಟೋಲ್ಟ್ಸ್ ನಿಮ್ಮನ್ನ ಹಿಂಡ್ತಾನೆ."

ವೆಂಡೆಲ್ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ತಳ್ಳಿದ.

*

ಕಾರ್ಡೆಲ್ ಬ್ರಿಸ್ಕೋ ಲೂಯಿಸಿಯಾನಾ ಕಡೆಯ ಹುಡುಗ. ಅವನು ಎಸೆದ ಚೆಂಡು ಹಿಡಿದವನ ಕೈಗವಸು ಸುಟ್ಟು ಹೊಗೆಯಾಡುತ್ತದೆಂದು ಕಾಲೇಜಿನವರೇ ಆಣೆ ಮಾಡಿ ಹೇಳುತ್ತಿದ್ದರು. ಆದರೆ ಹೋದ ಶರತ್ಕಾಲದಲ್ಲಿ ಅವನಿಗೊಂದು ಏಟು ಬಿದ್ದಿತ್ತು. ಚೆಂಡು ಹಿಡಿದು ದೂರಕ್ಕೆ ಕಣ್ಣು ನೆಟ್ಟು ನಿಂತವನನ್ನು ಎದುರಾಳಿಯ ಭಾರೀ ದೇಹ ಬಂದು ಹೊಡೆದು ಮಲಗಿಸಿತು. ಪಕ್ಕೆಲುಬು ಮುರಿಯಿತು. ಮತ್ತೆ ಆಡಿದ, ಚೆನ್ನಾಗಿಯೇ ಆಡಿದ. ಆದರೂ ಗುಸುಗುಸು ಹುಟ್ಟಿತು. ಹಾಗೆ ಏಟು ತಿಂದ, ಚೆಂಡೆಸೆಯುವುದೇ ಕೆಲಸವಾದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಕೆಲವರು ಆಮೇಲೆ ದೂರ ನೋಡುವುದನ್ನು ಬಿಟ್ಟು, ಯಾರೂ ಬರದೆ ಇದ್ದರೂ ಬಂದರೆಂದು ಬೆಚ್ಚಿ ಹತ್ತಿರ ನೋಡತೊಡಗುತ್ತಾರೆ. ಈ ಕಸುಬಿನವರು ಅದಕ್ಕೆ ದೆವ್ವ ಕಾಣುವುದು ಎನ್ನುತ್ತಾರೆ. ದೆವ್ವ ಕಂಡವನ ಕಥೆ ಮುಗಿಯಿತು.

ಏಪ್ರಿಲ್‌ನಲ್ಲಿ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸುವಾಗ ವೆಂಡೆಲ್‌ನ ತಂಡಕ್ಕೆ ಎರಡನೆಯ ಸರದಿ. ಬ್ರಿಸ್ಕೋ ಬೇಕೋ ಬೇಡವೋ? ಸ್ಟೋಲ್ಟ್ಸ್‌ಗೆ ಇವತ್ತು ಸಂಜೆಯೊಳಗೆ ಒಂದೇ ಒಂದು ಪದ ಬೇಕಾಗಿತ್ತು.

ಕಾಲೇಜಿನ ಆ ಸೂರು ಹಾಕಿದ ಮೈದಾನ ಎಷ್ಟು ದೊಡ್ಡದೆಂದರೆ ಈ ತುದಿಯಲ್ಲಿ ಮಾರ್ಚ್ ಆಗಿದ್ದಾಗ ಆ ತುದಿಯಲ್ಲಿ ಇನ್ನೂ ಫೆಬ್ರವರಿ. ಹುಡುಗನನ್ನು ಅಳೆಯಲು ಬಂದ ಎಲ್ಲ ತಂಡಗಳ ಜನ ಗೆರೆಯ ಉದ್ದಕ್ಕೂ ಸಾಲಾಗಿ ನಿಂತಿದ್ದರು. ಯಾರ ಮುಖದಲ್ಲೂ ಏನೂ ಇಲ್ಲ. ಒಳ್ಳೆಯ ಎಸೆತ ಬಿದ್ದರೆ ಆಕಳಿಸುವುದು ಇಲ್ಲಿನ ರೂಢಿ. ಮೆಚ್ಚುಗೆ ಪಕ್ಕದ ತಂಡದವನಿಗೆ ಗೊತ್ತಾಗಬಾರದು. ಬ್ರಿಸ್ಕೋ ಎಸೆಯತೊಡಗಿದ. ಸಾಲಿನ ತುಂಬ ಆಕಳಿಕೆ ಹಬ್ಬಿತು. ವೆಂಡೆಲ್ ಕೂಡ ಬಾಯಿ ತೆರೆದ. ಯಾಕೆ ತೆರೆದೆನೆಂದು ಅವನಿಗೆ ತಿಳಿಯಲಿಲ್ಲ.

ಕೊನೆಯ ಪರೀಕ್ಷೆ ಪೊರಕೆಯದು. ಇಷ್ಟು ಬೆಲೆಯ ಹುಡುಗನ ಮೇಲೆ ಇಂಥ ದಿನ ಯಾರನ್ನೂ ನುಗ್ಗಿಸುವಂತಿಲ್ಲ. ಅದಕ್ಕೆ ಕಾಲೇಜಿನ ತರಬೇತಿಯವರಲ್ಲೊಬ್ಬ ಉದ್ದ ಹಿಡಿಯ ಪೊರಕೆಯನ್ನು ತಲೆಯ ಮೇಲೆ ಎತ್ತಿಕೊಂಡು ಅವನತ್ತ ಓಡಿಬರುತ್ತಾನೆ. ಪೊರಕೆಯ ತುದಿಯೇ ಎತ್ತರದ ಎದುರಾಳಿಯ ಕೈ. ಹುಡುಗ ಪೊರಕೆಯನ್ನು ನೋಡಕೂಡದು. ಅದರಾಚೆ ನೋಡಿ ಎಸೆಯಬೇಕು.

ಓಡಬೇಕಾಗಿದ್ದವನ ಸೊಂಟ ಹಿಡಿದುಕೊಂಡಿತು. ಅವನು ಪೊರಕೆ ಊರಿಕೊಂಡು ಮುದುಕಿಯಂತೆ ನಿಂತ.

"ಡಾಕ್ಟ್ರೇ!" ಎಂದು ಕೂಗಿದ ಮ್ಯಾನೇಜರ್ ರೋಲಂಡ್ ಸ್ಟೋಲ್ಟ್ಸ್. ಅವನ ದನಿಗೆ ಪಕ್ಕದ ಜಿಲ್ಲೆಯ ದನಗಳು ಮೇವು ಬಿಟ್ಟು ಕತ್ತೆತ್ತುತ್ತವೆ. "ನೀವು ಹಿಡೀರಿ. ಭಯದ ಮೇಲೆ ಪುಸ್ತಕ ಬರ್ದಿದ್ದೀರಲ್ಲ, ಹತ್ರದಿಂದ ನೋಡ್ಕೊಂಡು ಬನ್ನಿ."

ಸಾಲು ನಕ್ಕಿತು. ಪೊರಕೆ ಕೈಗೆ ಬಂತು. ಅದು ಹಗುರವಾಗಿತ್ತು, ಇಷ್ಟು ಹಗುರವಾಗಿರುತ್ತದೆಂದು ಅವನು ಎಣಿಸಿರಲಿಲ್ಲ.

ಮೊದಲ ಸಲ ಓಡಿದಾಗ ಅವನಿಗೆ ಹುಡುಗನ ಬೂಟು ಮಾತ್ರ ಕಂಡಿತು. ಚೆಂಡು ಆಗಲೇ ಹೋಗಿಯಾಗಿತ್ತು.

"ಸಾರ್, ಏನೂ ಅಂದ್ಕೋಬೇಡಿ," ಎಂದ ಬ್ರಿಸ್ಕೋ, ತೀರ ವಿನಯದಿಂದ. "ನಮ್ಮಜ್ಜಿ ಜಗಲಿ ಗುಡಿಸೋಕೆ ಇದಕ್ಕಿಂತ ಜೋರಾಗಿ ಬರ್ತಾರೆ."

"ಇನ್ನೊಂದ್ಸಲ ಬರ್ತೀನಿ."

"ಬನ್ನಿ ಸಾರ್. ಕೊಲ್ಲೋಕೆ ಬಂದಂಗೆ ಬನ್ನಿ."

ಹುಡುಗ ಹಿಂದಕ್ಕೆ ಸರಿದು ಚೆಂಡನ್ನು ಎದೆಯ ಹತ್ತಿರ ತಂದ. ವೆಂಡೆಲ್ ಪೊರಕೆ ಎತ್ತಿದ. ಎದುರಿಗಿದ್ದ ಭುಜ ಒಮ್ಮೆಗೇ ಅಗಲವಾಗಿ, ಸೂರನ್ನು ಮುಟ್ಟಿ, ಬೆಳಕನ್ನೆಲ್ಲ ನುಂಗಿತು. ಅದರತ್ತ ಓಡುವುದೆಂದರೆ ಬಾವಿಯೊಳಕ್ಕೆ ಓಡಿದ ಹಾಗೆ. ಓಡಿದ. ಕಿವಿಯ ಪಕ್ಕದಲ್ಲಿ ಏನೋ ಸುಯ್ಯೆಂದು ಹೋಯಿತು. ಆಗ ಕಂಡ: ಎರಡು ಕಣ್ಣು. ಪಾಪೆ ಒಡೆದು ಬಿಳಿಯೊಳಕ್ಕೆ ಹರಿಯುವಷ್ಟು ಹಿಗ್ಗಿದ, ಬಾಯಿ ಇಲ್ಲದೆ ಕಿರಚುವ ಕಣ್ಣು. ಇಷ್ಟು ಸ್ಪಷ್ಟವಾಗಿ ಅವನು ಎಷ್ಟೋ ಕಾಲದಿಂದ ಏನನ್ನೂ ಕಂಡಿರಲಿಲ್ಲ.

ನಿಂತಾಗ ಹುಡುಗ ಬಹಳ ಹಿಂದೆ ಉಳಿದಿದ್ದ. ಯಾರೋ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದರೋ.

ವೆಂಡೆಲ್‌ನ ಮೈ ಬೆವರಿತ್ತು. ಆದರೆ ಈಗ ಯಾರ ಮುಖವನ್ನಾದರೂ ನೇರ ನೋಡಬಲ್ಲೆ ಎನಿಸಿತು. ಕಂಡಿತು, ಕಂಡಿತು ಎಂದು ಅವನು ತನ್ನೊಳಗೇ ಹೇಳಿಕೊಂಡ. ಬೆಳಗಿನ ಮೊಟ್ಟೆ ಈಗ ನೆನಪಾಗಿ ಬಾಯಲ್ಲಿ ನೀರೂರಿತು.

*

ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಅಡ್ಡ ನಿಂತಳು. ಭಾನುವಾರದ ಟೋಪಿ, ಕೈಯಲ್ಲಿ ಸಕ್ಕರೆ ಪಾಕದ ಬಾದಾಮಿ ತುಂಬಿದ ಡಬ್ಬ.

"ಪೊರಕೆ ಡಾಕ್ಟ್ರು ನೀವೇ ಅಲ್ವಾ? ನಾನು ಕಾರ್ಡೆಲ್ ತಾಯಿ, ವರ್ನಾ. ತಗೊಳ್ಳಿ. ಲಂಚ ಅಲ್ಲ, ಎಲ್ರಿಗೂ ಕೊಡ್ತಿದ್ದೀನಿ."

"ಬೇಡ ಮೇಡಂ."

"ಚೆನ್ನಾಗಿ ಓಡಿದ್ರಿ. ಎಲ್ಲಿ ನಮ್ಮೂರಿಗೇ ಹೋಗ್ಬಿಡ್ತೀರೋ ಅಂದ್ಕೊಂಡೆ." ಅವಳು ನಕ್ಕು, ನಗು ನಿಲ್ಲಿಸಿ, ಡಬ್ಬದ ಮುಚ್ಚಳವನ್ನು ಮುಚ್ಚಿ ತೆಗೆದಳು. "ಒಂದು ಕೇಳ್ಲಾ? ಅವನಿಗೆ ದೆವ್ವ ಕಾಣತ್ತೆ ಅಂತಾರಲ್ಲ."

"ಜನ ಏನೋ ಅಂತಿರ್ತಾರೆ."

"ನೀವೇನಂತೀರಿ?"

"ಮೀಟಿಂಗ್ ಇದೆ ಮೇಡಂ."

"ಪಕ್ಕೆ ಮುರ್ದಾಗ ಅವನ ತಲೆ ಹತ್ರ ಕೂತಿದ್ದೆ. ಕಣ್ಣು ಮುಚ್ಚಿದ್ರೆ ಸಾಕು, ಆ ಏಟು. ಕಿರಚ್ಕೊಂಡು ಏಳ್ತಿದ್ದೆ. ಅವನಲ್ಲ, ನಾನು. ಅವನೇ ಎದ್ದು ನೀರು ತಂದ್ಕೊಟ್ಟ. ಇದನ್ನ ಎಲ್ಲಾದ್ರೂ ಬರ್ಕೊಳ್ಳಿ ಸಾರ್."

ವೆಂಡೆಲ್ ತಲೆಯಾಡಿಸಿ ಅವಳ ಪಕ್ಕದಿಂದ ಜಾರಿ ಮೇಲೆ ಹೋದ. ತಾಯಂದಿರು ಹೀಗೇ. ಅವಳು ನೋಡಿರುವುದು ನೆಲಕ್ಕೆ ಬಿದ್ದ ಹುಡುಗನನ್ನು. ತಾನು ನೋಡಿರುವುದು ಅವನ ಒಳಗನ್ನು.

*

ಮೇಲಿನ ಕೋಣೆಯಲ್ಲಿ ಸ್ಟೋಲ್ಟ್ಸ್ ಮತ್ತು ಎರ್ಲ್ ಇದ್ದರು. ಎರ್ಲ್ ಕಾಗದದ ಲೋಟಕ್ಕೆ ಹೊಗೆಸೊಪ್ಪಿನ ರಸ ಉಗುಳುತ್ತಿದ್ದ.

"ಕಾಲು ಬೆಣ್ಣೆ," ಎಂದ ಎರ್ಲ್. "ತೋಳು ಬಂದೂಕು. ನಾನಾದ್ರೆ ಇವತ್ತೇ ಗಂಟು ಕಟ್ಕೊಂಡು ಹೋಗ್ತಿದ್ದೆ."

"ನಿನ್ನ ಕೇಳಿದ್ನಾ?" ಸ್ಟೋಲ್ಟ್ಸ್ ತಿರುಗಿದ. "ಡಾಕ್ಟ್ರೇ?"

ವೆಂಡೆಲ್ ಅವಸರ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಕಿಟಕಿಯಾಚೆ ಕೊಳೆತ ಹಿಮದ ಮೇಲೆ ಕಾರುಗಳು ಹೋಗುತ್ತಿದ್ದವು.

"ದೆವ್ವ ಇದೆ."

"ಖಂಡಿತ?"

"ಕೈಯಳತೆಯಲ್ಲಿ ನೋಡಿದೆ. ಪೊರಕೆ ಮೇಲೆದ್ದ ಕೂಡ್ಲೇ ಪಾಪೆ ಹಿಗ್ಗಿತು. ಇಷ್ಟು ವರ್ಷದಲ್ಲಿ ಅಂಥ ಕಣ್ಣು ನೋಡಿಲ್ಲ. ನೀರಿಗೆ ಬಿದ್ದ ಕುದುರೆ ಕಣ್ಣು. ಅವನು ಚೆಂಡು ಎಸೀಲಿಲ್ಲ ಸಾರ್, ಚೆಂಡೇ ಹೆದರಿ ಓಡಿಹೋಯ್ತು."

ಎರ್ಲ್ ಉಗುಳುವುದನ್ನು ಮರೆತು ಕೇಳುತ್ತಿದ್ದ. ಸ್ಟೋಲ್ಟ್ಸ್ ಮೂಗು ತಿಕ್ಕಿಕೊಂಡ. ಅವನಿಗೆ ಸಮಾಧಾನವಾದಂತಿತ್ತು. ಬೇಡ ಎನ್ನುವುದು ಯಾವಾಗಲೂ ಸುಲಭ. ಫೋನು ತೆಗೆದು ತಂಡದ ಮಾಲೀಕರಿಗೆ ಮಾಡಿದ.

"ಬೇಡ ಸಾರ್. ಹೆದರ್ತಾನೆ... ಡಾಕ್ಟ್ರೇ ಪಕ್ಕದಲ್ಲಿ ನಿಂತು ನೋಡಿದ್ದಾರೆ... ಹ್ಞೂ, ಮುಗೀತು."

ಮುಗಿಯಿತು. ಮಾಲೀಕರ ಕಿವಿಗೆ ಬಿದ್ದದ್ದು ಕತ್ತಲಾಗುವುದರೊಳಗೆ ದೇಶದ ಅಷ್ಟೂ ತಂಡಗಳ ಕಿವಿಗೆ ಬೀಳುತ್ತದೆ. ಇದರಲ್ಲಿ ಮಾತ್ರ ಉತ್ಪ್ರೇಕ್ಷೆಯಿಲ್ಲ. ಬ್ರಿಸ್ಕೋನನ್ನು ಇನ್ನು ಯಾರು ಕೈಗೆತ್ತಿಕೊಂಡರೂ ಅನುಮಾನದಿಂದಲೇ ಎತ್ತಿಕೊಳ್ಳಬೇಕು. ವೆಂಡೆಲ್‌ಗೆ ಟೋಪಿಯ ಹೆಂಗಸು ಒಂದು ಕ್ಷಣ ನೆನಪಾದಳು.

"ವಿಡಿಯೊ ಬಂದಿದೆ," ಎಂದ ಎರ್ಲ್. "ಆ ಕಾಲಾದ್ರೂ ಇನ್ನೊಂದ್ಸಲ ನೋಡ್ತೀನಿ. ಕಳ್ಕೊಂಡ್ವಲ್ಲ."

ಗೋಡೆಯ ತೆರೆಯ ಮೇಲೆ ಹಸಿರು ಹರಡಿತು. ಪಕ್ಕದಿಂದ, ತೀರ ಹತ್ತಿರಕ್ಕೆ ಎಳೆದುಕೊಂಡು ತೆಗೆದ ಚಿತ್ರ. ಬ್ರಿಸ್ಕೋ ಹಿಂದಕ್ಕೆ ಸರಿದ. ಎದುರಿನಿಂದ ಪೊರಕೆ ಬಂತು.

"ನಿಲ್ಸು," ಎಂದ ಸ್ಟೋಲ್ಟ್ಸ್.

ಎರ್ಲ್ ನಿಲ್ಲಿಸಿದ. ಇಬ್ಬರ ಮುಖಗಳೂ ಗೋಡೆಯಷ್ಟು ದೊಡ್ಡದಾಗಿ ಎದುರೆದುರು ನಿಂತವು. ಹುಡುಗನ ಕಣ್ಣು ಪೊರಕೆಯನ್ನು ದಾಟಿ ಎಲ್ಲೋ ದೂರದಲ್ಲಿತ್ತು. ಬಸ್ಸಿಗೆ ಕಾಯುವವನ ಕಣ್ಣು. ಅವನೆದುರಿಗಿದ್ದ ಮುಖ ಒಣಗಿದ ಹಣ್ಣಿನ ಹಾಗೆ ಸುಕ್ಕುಗಟ್ಟಿತ್ತು. ರೆಪ್ಪೆಗಳು ಒಂದಕ್ಕೊಂದು ಹೊಲಿದಂತೆ ಬಿಗಿದಿದ್ದವು.

ಎರ್ಲ್ ಕೈಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ.

"ರೆಪ್ಪೆ ಬಡಿದಿರ್ಬೇಕು," ಎಂದ ವೆಂಡೆಲ್. "ಆ ಒಂದು ಗಳಿಗೆ."

ಎರ್ಲ್ ಚಿತ್ರವನ್ನು ಹಿಂದಕ್ಕೆ ಒಯ್ದು ನಿಧಾನವಾಗಿ ಬಿಟ್ಟ. ಪೊರಕೆ ಎದ್ದಿತು. ಮೊದಲ ಹೆಜ್ಜೆಗೂ ಮುಂಚೆ ಆ ಮುಖದ ಕಣ್ಣು ಮುಚ್ಚಿತು. ಮುಚ್ಚಿಕೊಂಡೇ ಬಂತು.

"ನೀರಿಗೆ ಬಿದ್ದ ಕುದುರೆ," ಎಂದ ಎರ್ಲ್, ಮೆಲ್ಲಗೆ. ತಮಾಷೆಗೆ ಅಂದದ್ದಲ್ಲ. "ಅದನ್ನ ಎಲ್ಲಿ ನೋಡಿದ್ರಿ ಡಾಕ್ಟ್ರೇ?"

ವೆಂಡೆಲ್‌ನ ಬಾಯಿಗೆ ಮಾತು ಬಂತು. ಬೆಳಕಿನ ಕೋನ, ಮನಸ್ಸಿನ ಕಣ್ಣು, ಕಂಪನ, ಎಲ್ಲ ಸಾಲಾಗಿ ಬಂದು ನಿಂತವು. ಅವುಗಳಲ್ಲಿ ಒಂದನ್ನು ಎತ್ತಿಕೊಂಡರೆ ಸಾಕು, ಇವರು ನಂಬುತ್ತಾರೆ. ನಂಬುತ್ತಾರೆ ಎಂಬುದೇ ಅವನನ್ನು ಕುರ್ಚಿಯ ಹಿಂಬದಿಗೆ ಅಂಟಿಸಿತು.

"ನಾನು ನೋಡ್ಲಿಲ್ಲ," ಎಂದ. "ಹೆದರಿಕೆ ಆಯ್ತು. ಕಣ್ಣು ಮುಚ್ಕೊಂಡೆ. ಆ ಹುಡುಗನ ಕಣ್ಣು ಹೇಗಿತ್ತೋ ನಂಗೆ ಗೊತ್ತಿಲ್ಲ. ಯಾರ ಕಣ್ಣೂ ಗೊತ್ತಿಲ್ಲ. ಮಾಲೀಕರಿಗೆ ಇನ್ನೊಂದ್ಸಲ ಫೋನ್ ಮಾಡಿ ಸಾರ್."

ಸ್ಟೋಲ್ಟ್ಸ್ ಫೋನಿನ ಮೇಲೆ ಕೈಯಿಟ್ಟಿದ್ದ. ಫೋನು ಎತ್ತಲಿಲ್ಲ, ಕೈ ತೆಗೆಯಲೂ ಇಲ್ಲ. ಅವನು ಗೋಡೆಯನ್ನೇ ನೋಡುತ್ತಿದ್ದ.

ಎರ್ಲ್ ನಿಲ್ಲಿಸಲು ಮರೆತ ಚಿತ್ರ ಅಲ್ಲಿ ತನ್ನಷ್ಟಕ್ಕೆ ಓಡುತ್ತಿತ್ತು. ಚೆಂಡು ಹೋಗಿಯಾಗಿತ್ತು. ಹುಡುಗ ಪಕ್ಕಕ್ಕೆ ಸರಿದು ನೀರು ಕುಡಿಯಲು ಹೋಗಿದ್ದ. ಕ್ಯಾಮೆರಾದವನು ಏನು ತಮಾಷೆ ಕಂಡನೋ, ಓಡುವವನನ್ನೇ ಹಿಂಬಾಲಿಸಿದ್ದ. ಬರಿದಾದ ಹಸಿರಿನ ಮೇಲೆ, ಎದುರಿಗೆ ಯಾರೂ ಇಲ್ಲದೆ, ಕಣ್ಣು ಬಿಗಿದುಕೊಂಡ ಒಬ್ಬ ಮನುಷ್ಯ ತಲೆಯ ಮೇಲೆ ಪೊರಕೆ ಎತ್ತಿ ಗಾಳಿಗೆ ಬೀಸುತ್ತ, ಬೀಸುತ್ತ, ಓಡುತ್ತಲೇ ಇದ್ದ.