ಗೋವಾ ಟವರಿನ ಅಪ್ಪಣೆ

ಆಸ್ತಿ ಪಾಲಾಗುವಾಗ ಬಾವಿ ದೊಡ್ಡಪ್ಪನ ಕಡೆ ಹೋಯಿತು. ಅಂದಿನಿಂದ ನಮ್ಮ ಎರಡು ಮನೆಗಳಿಗೆ ಮಾತಿಲ್ಲ. ನೀರು ಬೇಕಾದರೆ ಅಮ್ಮ ಬೇಲಿಯ ಹತ್ತಿರ ನಿಂತು ಕೇಳಬೇಕು. ದೊಡ್ಡಪ್ಪನ ಮಗ ವೈಭವ ಪೇಪರು ಮಡಿಸಿ, ಮತ್ತೆ ಬಿಡಿಸಿ, ಆಮೇಲೆ ಹೂಂ ಎಂದು ತಲೆ ಆಡಿಸುತ್ತಾನೆ. ಆ ತಲೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹುಚ್ಚು ಮಾತ್ರ ಇಬ್ಬರದೂ ಒಂದೇ. ಶಿರಸಿಯಲ್ಲಿ ಅಂದಾನಪ್ಪನ ಸೈಬರ್ ಕೆಫೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷದಿಂದ ಅಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ವಿಮಾನದ ಆಟ ಆಡುತ್ತೇವೆ. ಕೆಲವರು ಪೈಲಟ್ಟುಗಳು, ಕೆಲವರು ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ವಿಮಾನ ಇಳಿಸುವವರು. ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಇಂಗ್ಲಿಷಿನಲ್ಲೇ ಮಾತು. ಪ್ಲೈವುಡ್ಡಿನ ಅಡ್ಡಗೋಡೆಯ ಈಚೆ ನಾನು, ಆಚೆ ವೈಭವ.

"ಗಗನಾ, ವೈಭವ, ಇಬ್ರೂ ಒಂದ ಮನಿ ಮಕ್ಕಳದೀರಿ, ಮಾರಿ ನೋಡಿ ಮಾತಾಡ್ರಿ" ಎಂದು ಅಂದಾನಪ್ಪ ಒಮ್ಮೆ ಬುದ್ಧಿ ಹೇಳಿದ್ದ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಟ ನಡೆಸುವವರು ಇಡುವ ಪರೀಕ್ಷೆ ಪಾಸಾದರೆ ಗೋವಾ ಟವರು ನನ್ನ ಕೈಗೆ ಬರುತ್ತಿತ್ತು. ಆಮೇಲೆ ಅಲ್ಲಿ ಇಳಿಯಲು ವೈಭವ ನನ್ನ ಅಪ್ಪಣೆ ಕೇಳಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಭಾನುವಾರ ಪರೀಕ್ಷೆ. ಪರೀಕ್ಷಕರು ಎಲ್ಲೋ ದೂರದ ಊರಿನಿಂದ ನೋಡುತ್ತಿದ್ದರು. ಪರದೆಯ ಮೇಲೆ ಪ್ರತಿ ವಿಮಾನದ ಪಕ್ಕ ಅದು ಯಾವ ಜಾತಿಯದೆಂದು ಹೇಳುವ ಕೋಡು ಇರುತ್ತದೆ. ಪೈಲಟ್ಟೇ ಅದನ್ನು ಬರೆಯುವುದು. ಟವರಿನ ನಾವು ಅದನ್ನು ನಂಬಿ ಎರಡು ವಿಮಾನಗಳ ನಡುವೆ ಅಂತರ ಇಡುವುದು. ನೂರಾರು ಜನ ಕೂರುವ ಭಾರೀ ಜಂಬೋ ಹೋದ ದಾರಿಯಲ್ಲಿ ಗಾಳಿ ಸುಳಿ ಸುತ್ತುತ್ತಿರುತ್ತದೆ. ಹಿಂದೆಯೇ ಸಣ್ಣ ವಿಮಾನ ಬಿಟ್ಟರೆ ಅದು ಮಗುಚೀತು. ಹಾಗೆ ಬಿಟ್ಟವರು ಫೇಲು.

ವೈಭವ ಬಂದ. ಕೋಡು ಸಿ೧೭೨, ಅಂದರೆ ನಾಲ್ಕು ಜನ ಕೂರುವ ಪುಟ್ಟ ಸೆಸ್ನಾ. ಅವನ ಬೆನ್ನಿಗೇ ಇನ್ಯಾರದೋ ಸೆಸ್ನಾ. ಸಣ್ಣದರ ಹಿಂದೆ ಸಣ್ಣದನ್ನು ಹತ್ತಿರ ಬಿಡಬಹುದು. ಬಿಡಲು ಬಾಯಿ ತೆರೆದವಳು ವೈಭವನ ವೇಗ ನೋಡಿದೆ. ಇಳಿಯಲು ಬರುವ ಸೆಸ್ನಾದ ಎರಡು ಪಟ್ಟು!

ಕಳ್ಳ! ಎಂದಿನ ಹಾಗೆ ಜಂಬೋ ಹಾರಿಸುತ್ತ, ನನ್ನನ್ನು ಫೇಲು ಮಾಡಿಸಲು ಸೆಸ್ನಾ ಎಂದು ಬರೆದಿದ್ದ.

"ನಿಮ್ಮದು ಯಾವ ವಿಮಾನ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಸೆಸ್ನಾ."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಇವನಿಗೆ ಅದೂ ಇಲ್ಲ. ಪ್ಲೈವುಡ್ಡಿನಾಚೆ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಅವನ ಕೋಡು ಅಳಿಸಿ ಜಂಬೋದ ಕೋಡು ಬಿ೭೪೪ ಬರೆದೆ. ಹಿಂದಿದ್ದ ಸೆಸ್ನಾವನ್ನು ದೂರ ತಿರುಗಿಸಿದೆ. ಪರೀಕ್ಷಕರು ಕಾರಣ ಕೇಳಿದರು. "ಅವರು ಬರೆದದ್ದು ಬಿಡಿ, ವೇಗ ನೋಡಿ" ಎಂದೆ. ಪಾಸು ಮಾಡಿದರು.

ಮರುದಿನ ಟವರಿನಲ್ಲಿ ನಾನೇ. ವೈಭವ ಬಂದ, ಈ ಸಲ ನಿಜವಾದ ಕೋಡು ಬರೆದುಕೊಂಡು. ಇಳಿಯಲು ಅಪ್ಪಣೆ ಕೇಳಿದ. ಸುತ್ತು ಹಾಕಿ ಎಂದೆ. ರನ್‌ವೇ ಖಾಲಿ ಬಿದ್ದಿತ್ತು. ಮತ್ತೆ ಕೇಳಿದ. ಮತ್ತೆ ಸುತ್ತು ಹಾಕಿ ಎಂದೆ. ಆಹಾ, ಎಂಥ ಸುಖ ಅದು!

ಕೊನೆಗೆ ಹೆಡ್‌ಫೋನ್ ಕಿತ್ತಿಟ್ಟು ಎದ್ದುನಿಂತ. ಪ್ಲೈವುಡ್ಡಿನ ಮೇಲಿಂದ ಇಣುಕಿದ. ಮುಖ ಕೆಂಪಾಗಿತ್ತು.

"ತಂಗೀ, ಎಣ್ಣೆ ಖಾಲಿ ಆಗ್ತಾ ಇದ್ದು. ಇಳಿಸೇ ಮಾರಾಯ್ತಿ."

ತಂಗಿ ಎಂದು ಅವನ ಬಾಯಲ್ಲಿ ಕೇಳಿ ವರ್ಷಗಳೇ ಆಗಿದ್ದವು. ಎದೆಯಲ್ಲಿ ಏನೋ ಕದಲಿತು, ಸುಳ್ಳೇಕೆ ಹೇಳಲಿ. ಆದರೂ ಅವನ ಕಡೆ ತಿರುಗಲಿಲ್ಲ. ಮೈಕು ಬಾಯಿಯ ಹತ್ತಿರ ಎಳೆದುಕೊಂಡು, ಗುರುತಿಲ್ಲದ ಪೈಲಟ್ಟಿಗೆ ಹೇಳುವ ಹಾಗೆ ಇಂಗ್ಲಿಷಿನಲ್ಲಿ, ಇನ್ನೊಂದು ಸುತ್ತು ಹಾಕಿ ಎಂದೆ.