ನಾದಿನಿಯ ಉಸಿರು

ನ್ಯುಮೋನಿಯಾ ಬಿಟ್ಟುಹೋದರೂ ಅತ್ತಿಗೆಯ ಎದೆಗೆ ಮೊದಲಿನ ಕಸುವು ಬರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಮೇಲುಸಿರು. ಇನ್ನು ಗಾಜು ಊದುವ ಮಾತೆಲ್ಲಿ? ಅಪ್ಪನಿಂದ ಕಲಿತ ಕಸುಬು. ಊದುಕೊಳವೆಯನ್ನು ಗೋಡೆಗೆ ಒರಗಿಸಿ, ‘ಇಲ್ಲಿಗೆ ಮುಗೀತು’ ಎಂದು ಮುಸುಕೆಳೆದು ಮಲಗಿಬಿಟ್ಟಳು.

ಅವಳು ಊದುತ್ತಿದ್ದುದೆಲ್ಲ ಶಂಖ, ಕಪ್ಪೆಚಿಪ್ಪು, ಹವಳದಂಥ ಕಡಲಿನ ರೂಪಗಳನ್ನೇ. ಅವುಗಳ ಚಿತ್ರ ಬರೆದುಕೊಡುತ್ತಿದ್ದವಳು ಗಂಡನ ತಂಗಿ. ನೀರು ಇಳಿದ ಹೊತ್ತಿನಲ್ಲಿ ಬಂಡೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಗೀಚಿಕೊಂಡು ಬರುವಳು. ಅತ್ತಿಗೆಗೂ ನಾದಿನಿಗೂ ಎಣ್ಣೆ-ಸೀಗೆಕಾಯಿ. ‘ನಾನು ಬರೆದಿದ್ದೇ ಒಂದು, ನೀವು ಊದಿದ್ದೇ ಒಂದು’ ಎಂದು ಅವಳು. ‘ಬೆಂಕಿ ಮುಂದೆ ಕೂತು ನೋಡು, ಗೊತ್ತಾಗತ್ತೆ’ ಎಂದು ಇವಳು.

ಒಂದು ಬೆಳಿಗ್ಗೆ ನಾದಿನಿ ಮಂಚದ ಪಕ್ಕ ಬಂದು ಹೊಸ ಚಿತ್ರ ಹಿಡಿದಳು. ಲೋಳೆಮೀನು: ಮೇಲೆ ಕೊಡೆಯಂಥ ಮೈ, ಕೆಳಗೆ ಇಳಿಬಿದ್ದ ಎಳೆಗಳು.

“ಚೆನ್ನಾಗಿದೆ. ಊದೋರು ಯಾರು?”

“ನಾನು.”

ಅತ್ತಿಗೆಗೆ ನಗು ಬಂತು, ನಗುವಿನ ಬೆನ್ನಿಗೇ ಕೆಮ್ಮು.

“ನಗಿ ನಗಿ. ಇಷ್ಟು ವರ್ಷ ನಿಮ್ಮ ಜೊತೆ ಕಿತ್ತಾಡಿದ್ದು ಯಾವ ಉಸಿರಲ್ಲಿ ಅಂದ್ಕೊಂಡ್ರಿ? ನೀವು ಕೂತು ಕೊಳವೆ ತಿರುಗಿಸಿ, ರೂಪ ಕೊಡಿ. ಊದು ಅಂದ್ರೆ ಊದ್ತೀನಿ, ಸಾಕು ಅಂದ್ರೆ ನಿಲ್ಲಿಸ್ತೀನಿ.”

“ನೀನು? ನಿಲ್ಲಿಸೋದು?” ಎಂದಳು ಅತ್ತಿಗೆ. ಆದರೂ ಎದ್ದಳು.

ಮೊದಲ ಗುಳ್ಳೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಉಬ್ಬಿ ಒಡೆಯಿತು. “ಒಲೆ ಊದಿದ ಹಾಗೆ ಊದ್ಬೇಡ ತಾಯಿ. ಮಗು ಕಣ್ಣಿಗೆ ಧೂಳು ಬಿದ್ರೆ ಹೇಗೆ ಊದ್ತೀಯ, ಹಾಗೆ.” ಎರಡನೆಯದು ಕೊಳವೆಯಿಂದ ಜಾರಿ ನೆಲ ಕಚ್ಚಿತು. ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು. ನಾದಿನಿ ಗೊಣಗದೆ ಮತ್ತೆ ಮಂಡಿಯೂರಿದಳು.

ಈ ಸಲ ಅವಳ ಕಣ್ಣು ಅತ್ತಿಗೆಯ ಮುಖ ಬಿಟ್ಟು ಅಲುಗಲಿಲ್ಲ. “ಊದು... ಇನ್ನು ಚೂರು... ಸಾಕು.” ಉಸಿರು ಅಲ್ಲೇ ನಿಂತಿತು. ಅತ್ತಿಗೆ ಮಡಿಸಿದ ಒದ್ದೆ ಕಾಗದದಿಂದ ಕೆಂಪಗೆ ಕಾದ ಗಾಜನ್ನು ಸವರಿ ದುಂಡಾಗಿಸಿದಳು, ಮತ್ತೆ ಕಾಯಿಸಿ ಚಿಮಟದಿಂದ ಅಂಚು ಹಿಡಿದು ಎಳೆ ಎಳೆಯಾಗಿ ಜಗ್ಗಿದಳು. ನಡುವೆ ಅವಳ ಕೈ ಸೋತಾಗ, ಹೇಳದೆ ಕೇಳದೆ ನಾದಿನಿಯ ಅಂಗೈ ಕೊಳವೆಗೆ ಆಸರೆಯಾಯಿತು.

ಗಾಜನ್ನು ನಿಧಾನವಾಗಿ ತಣಿಸುವ ಗೂಡಿನಿಂದ ಮರುದಿನ ಹೊರತೆಗೆದಾಗ ಲೋಳೆಮೀನಿನ ಕೊಡೆ ಒಂದು ಬದಿಗೆ ವಾಲಿತ್ತು, ಆಗಷ್ಟೇ ಅಲೆ ತಾಕಿದಂತೆ. ನಾದಿನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೈಯಲು ಅವಳಿಗೆ ಏನೂ ಸಿಗಲಿಲ್ಲ.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀನು ಬರದೇ ಇದ್ದಿದ್ರೆ ನಾನು...”

“ಅಳ್ಬೇಡಿ, ಕೆಮ್ಮು ಬರತ್ತೆ. ನನಗೆ ಬಾಯಿ ಒಣಗಿದೆ, ನೀರು ಕೊಡಿ.”

ಅತ್ತಿಗೆ ತಂಬಿಗೆ ತುಂಬ ನೀರು ತಂದುಕೊಟ್ಟಳು. ನಾದಿನಿ ಗಟಗಟನೆ ಕುಡಿದು ಮುಗಿಸುವವರೆಗೂ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತೇ ಇದ್ದಳು.