ಲೈಬ್ರರಿಯ ರ‍್ಯಾಂಪ್

ಚಿಕ್ಕಂದಿನಿಂದ ನನ್ನ ತಂಗಿಗೆ ಕಾಲೆಂದರೆ ನಾನೇ. ಲೈಬ್ರರಿಯ ಮೆಟ್ಟಿಲನ್ನೂ ಅವಳು ನನ್ನ ಬೆನ್ನ ಮೇಲೆ ಉಪ್ಪಿನಮೂಟೆಯಾಗಿಯೇ ಹತ್ತಿದವಳು. ಹಿಟ್ಟಿನ ಗಿರಣಿಯಲ್ಲಿ ಚೀಲ ಹೊತ್ತು ಗಟ್ಟಿಯಾದ ಬೆನ್ನು ನನ್ನದು. ಅವಳೊಂದು ಭಾರವೆಂದು ಎಂದೂ ಅನ್ನಿಸಿರಲಿಲ್ಲ.

ಆಮೇಲೆ ಅಂಗವಿಕಲರ ಸಂಘದ ಮೇಡಂ ಊರುಗೋಲು ಕುಟ್ಟುತ್ತ ಬಂದರು, ಅವಳಿಗೊಂದು ವೀಲ್‌ಚೇರ್ ಕೊಡಿಸಿದರು. ಅಲ್ಲಿಂದ ಮನೆಯಲ್ಲಿ ಎದ್ದರೆ ಮೇಡಂ, ಕೂತರೆ ಮೇಡಂ. ತಲೆ ಬಾಚಲು ಹೋದರೆ, "ಬಿಡಕ್ಕ, ನನ್ನ ಕೆಲಸ ನಾನೇ ಮಾಡ್ಕೋಬೇಕಂತೆ, ಮೇಡಂ ಹೇಳಿದಾರೆ" ಎನ್ನುವಳು. ಇಷ್ಟು ವರ್ಷ ಬೈತಲೆ ತೆಗೆದ ಕೈ ಯಾರದ್ದೇ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳುತ್ತಿದ್ದೆ.

ಲೈಬ್ರರಿಯಲ್ಲಿ ಅವಳಿಗೊಂದು ಕೆಲಸ ಸಿಗುವುದಿತ್ತು. ಯಾರ ನೆರವೂ ಇಲ್ಲದೆ ಒಳಗೆ ಬರುವಂತಿದ್ದರೆ ಮಾತ್ರ ಎಂದಿದ್ದರು ಅಲ್ಲಿನವರು. ಮೇಡಂ, ತಂಗಿ ಇಬ್ಬರೂ ಕಚೇರಿಗಳ ಬಾಗಿಲು ಕಾದು ರ‍್ಯಾಂಪ್ ಮಂಜೂರು ಮಾಡಿಸಿದರು. ಮೇಸ್ತ್ರಿ ಜಾಗ ಉಳಿಸಲು ಹೋಗಿ ಅದನ್ನು ಕಡಿದಾಗಿ ಕಟ್ಟಿಬಿಟ್ಟ.

ನೋಡಲು ಇಂಜಿನಿಯರ್ ಬಂದ ದಿನ ನಾನು ಎಂದಿನಂತೆ ಕುರ್ಚಿಯ ಹಿಂದಿದ್ದೆ. ಹತ್ತಿಸಿ ಎಂದರು. ಕೈ ತಾನಾಗಿ ನೂಕಿತು. ಒಂದೇ ಉಸಿರಿಗೆ ಮೇಲೆ ಹೋದೆವು. ಸಲೀಸಾಗಿದೆಯಲ್ಲ, ಇನ್ನೇನು ತಕರಾರು ಎಂದು ಅವರು ಹೊರಟೇಬಿಟ್ಟರು. ಅವಳೊಬ್ಬಳೇ ಹತ್ತಬೇಕಲ್ಲ ಎಂದು ಮೇಡಂ ಅಡ್ಡ ಬಂದರು.

"ಅಕ್ಕ ಇದಾರಲ್ಲ. ಏನಮ್ಮಾ, ದಿನಾ ತಳ್ತೀರಲ್ವಾ?"

ಹೂಂ ಎಂದಿದ್ದರೆ ಸಾಕಿತ್ತು. ಕೆಲಸ ಹೋಗುತ್ತಿತ್ತು, ತಂಗಿ ನನಗೇ ಉಳಿಯುತ್ತಿದ್ದಳು. ತಂಗಿ ಹಿಂದಿರುಗಿ ನೋಡಿದಳು. ನನ್ನನ್ನಲ್ಲ, ಮೇಡಮ್ಮನ್ನ.

"ಕೆಳಗಿಳಿಸಕ್ಕ, ನಾನೇ ಹತ್ತಿ ತೋರಿಸ್ತೀನಿ" ಎಂದಳು.

ಇಳಿಸಿದೆ. ಅರ್ಧ ದಾರಿಗೆ ಅವಳ ತೋಳು ನಡುಗಿತು, ಗಾಲಿ ಹಿಂದಕ್ಕೆ ಜಾರತೊಡಗಿತು. ಹಿಡಿದುಕೊಳ್ಳಿ ಎಂದು ಇಂಜಿನಿಯರ್ ಕೂಗಿದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಕುರ್ಚಿ ಬಂದು ನನ್ನ ಮೊಣಕಾಲಿಗೆ ಬಡಿದು ನಿಂತಿತು.

"ನಾಳೆ ನಾನು ಗಿರಣೀಲಿರ್ತೀನಿ ಸಾರ್. ಆಗ ಯಾರು ಹಿಡೀತಾರೆ?"

ಇಂಜಿನಿಯರ್ ಅದನ್ನು ಒಡೆದು, ಉದ್ದ ಮಾಡಿ, ನಡುವೆ ತಿರುವು ಕೊಟ್ಟು ಕಟ್ಟಲು ಮೇಸ್ತ್ರಿಗೆ ಹೇಳಿ ಹೋದರು. ತಂಗಿ ನಗುತ್ತ ಮೇಡಮ್ಮನ ಕೈ ಹಿಡಿದುಕೊಂಡಳು. ನಾನು ಮೊಣಕಾಲು ಉಜ್ಜಿಕೊಂಡೆ.

ಈಗ ದಿನಾ ಒಬ್ಬಳೇ ಹತ್ತುತ್ತಾಳೆ. ಎದುರಿನ ಗಿರಣಿಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ತಿರುವಿನಲ್ಲಿ ಒಮ್ಮೆಯಾದರೂ ಈ ಕಡೆ ಕತ್ತು ಹೊರಳಿಸಿಯಾಳು ಎಂದು ಕಾಯುತ್ತೇನೆ. ಇಲ್ಲ. ಸಿಮೆಂಟಿನ ಮೇಲೆ ಹೊಟ್ಟೆಕಿಚ್ಚುಪಡುವವರು ಲೋಕದಲ್ಲಿ ನಾನೊಬ್ಬಳೇ ಇರಬೇಕು.